ಮುಕ್ಕಾಲು ಟಿಕೆಟ್

ಬಸ್ಸಿನಲ್ಲಿ ಮನುಷ್ಯನ ವಯಸ್ಸು ಲೆಕ್ಕಕ್ಕೆ ಬರುವುದು ಎರಡೇ ಸಲ. ಚಿಕ್ಕವನಿದ್ದಾಗ ಅರ್ಧ ಟಿಕೆಟ್, ಮುದುಕನಾದ ಮೇಲೆ ಮುಕ್ಕಾಲು. ನಡುವಿನದೆಲ್ಲ ಫುಲ್ ಟಿಕೆಟ್ಟಿನ ಕಾಲ; ಆಗ ಯಾರೂ ಏನೂ ಕೇಳುವುದಿಲ್ಲ. ಹನ್ನೆರಡು ದಾಟಿ ಮೀಸೆ ಚಿಗುರುವವರೆಗೂ ನಮ್ಮಪ್ಪ ನನ್ನನ್ನು ಹನ್ನೊಂದರಲ್ಲೇ ನಿಲ್ಲಿಸಿದ್ದರು. ಕಂಡಕ್ಟರು ಹತ್ತಿರ ಬಂದಾಗ ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಬೇಕೆಂದು ಮನೆಯಲ್ಲೇ ತಾಲೀಮಾಗುತ್ತಿತ್ತು. ಈಗ ಬಗ್ಗಿಸುವ ಶ್ರಮವಿಲ್ಲ, ಮಂಡಿ ತಾನಾಗಿಯೇ ಬಗ್ಗುತ್ತದೆ.

ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 60 ತುಂಬಿದವರಿಗೆ ಶೇ. 25 ರಿಯಾಯಿತಿ ಉಂಟು. ಆಧಾರ್ ಕಾರ್ಡೋ ಬೇರಾವುದಾದರೂ ಗುರುತಿನ ಚೀಟಿಯೋ ತೋರಿಸಬೇಕು. ನಿಯಮ ಇಷ್ಟೇ, ಆದರೆ ಜಾರಿಯಾಗುವುದು ಮುಖ ನೋಡಿ. ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಹೆಡ್‌ಮಾಸ್ಟರು, ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ ಬಳಿಯುತ್ತಾರೆ. ಅವರು ಕಾರ್ಡು ತೆಗೆಯುವಷ್ಟರಲ್ಲಿ ಕಂಡಕ್ಟರು, "ನಿಮಗೆ ಅರವತ್ತಾ? ತಮಾಷೆ ಮಾಡ್ಬೇಡಿ ಸಾರ್" ಎಂದನಂತೆ. ಆ ಒಂದು ಮಾತಿಗೆ ಅವರು ಕಾರ್ಡನ್ನು ಮತ್ತೆ ಜೇಬಿಗೆ ಸೇರಿಸಿ, ಫುಲ್ ಟಿಕೆಟ್ ಕೊಂಡು, ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಪಾಲಿಗೆ ಬಂದ ಕಂಡಕ್ಟರ ಬಗೆಯೇ ಬೇರೆ. ನಾಲ್ಕು ಸೀಟು ಆಚೆಯಿಂದಲೇ, "ಸೀನಿಯರ್ ಸಿಟಿಜನ್ನಾ ಯಜಮಾನ್ರೇ?" ಎಂದು ಕೂಗಿದ. ಇಡೀ ಬಸ್ಸು ತಿರುಗಿ ನೋಡಿತು. ನಾನು ಮರ್ಯಾದೆಯಿಂದ ಆಧಾರ್ ಚಾಚಿದರೆ, "ಇರ್ಲಿ ಬಿಡಿ, ನೋಡಿದ್ರೆ ಗೊತ್ತಾಗಲ್ವಾ" ಎಂದು ಮೆಷಿನ್ ಒತ್ತಿಯೇಬಿಟ್ಟ. ಉಳಿದ ಕಾಸೆಷ್ಟೋ ಉಳಿಯಿತು, ಆದರೆ ಅವನು ಒಮ್ಮೆ ಅನುಮಾನಪಟ್ಟಿದ್ದರೆ ಫುಲ್ ಟಿಕೆಟ್ಟೇ ಕೊಳ್ಳುತ್ತಿದ್ದೆನೋ ಏನೋ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ನಮ್ಮ ಮನೆಯ ಯಜಮಾನಿಕೆಯಲ್ಲೂ ಸಣ್ಣ ಬದಲಾವಣೆಯಾಗಿದೆ. ಮೈಸೂರಿನಿಂದ ಹಾಸನಕ್ಕೆ ಜತೆಯಲ್ಲೇ ಹೋದರೂ ನನ್ನಾಕೆಯದು ಶೂನ್ಯ ಟಿಕೆಟ್, ನನ್ನದು ಮುಕ್ಕಾಲು. "ನಿಮ್ಮೊಬ್ಬರಿಗೇ ಖರ್ಚು" ಎಂದು ಆಕೆ ನಗುತ್ತಾಳೆ. ಗಂಡಸರಿಗೆ ಅರ್ಧ ಸೀಟು ಮೀಸಲು ಎಂದು ಆದೇಶವೇನೋ ಆಗಿತ್ತು. ಆ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತ ಅಮ್ಮನವರಿಗೆ ಆದೇಶವನ್ನು ಓದಿ ಹೇಳುವ ಗಂಡಸನ್ನು ಮಾತ್ರ ನಾನಿನ್ನೂ ಕಂಡಿಲ್ಲ. ನನಗೆ ಇದರಲ್ಲಿ ತಕರಾರಿಲ್ಲ ಬಿಡಿ. ಮುಂಚೆ ತಂಗಿಯ ಮನೆಗೆ ಹೋಗಬೇಕೆಂದರೆ ಆಕೆ ಎರಡು ದಿನ ನನ್ನ ಮುಖ ನೋಡುತ್ತಿದ್ದಳು. ಈಗ ಆಧಾರನ್ನು ಪರ್ಸಿಗೆ ಹಾಕಿಕೊಂಡು, "ಸಾರು ಇದೆ, ಅನ್ನ ಇಟ್ಕೊಳ್ಳಿ" ಎಂದು ಹೊರಟೇಬಿಡುತ್ತಾಳೆ.

ನನ್ನ ಸಂಕಟವಿರುವುದು ರೈಲಿನ ಜತೆ. ರೈಲಿನಲ್ಲಿ ಗಂಡಸರಿಗೆ 60ಕ್ಕೆ ಶೇ. 40, ಹೆಂಗಸರಿಗೆ 58ಕ್ಕೇ ಶೇ. 50 ರಿಯಾಯಿತಿ ಇತ್ತು. ಗಂಡನಿಗಿಂತ ಎರಡು ವರ್ಷ ಚಿಕ್ಕವಳಾದ ಹೆಂಡತಿ ಗಂಡನ ಜತೆಗೇ ಹಿರಿಯಳಾಗುವ ಸೊಗಸಾದ ಏರ್ಪಾಡು. ಅರವತ್ತಾದ ಮೇಲೆ ಕಾಶಿ, ಹರಿದ್ವಾರ ಎಂದು ನಾವು ಎಷ್ಟೋ ವರ್ಷದಿಂದ ಲೆಕ್ಕ ಹಾಕುತ್ತಿದ್ದೆವು. ನಮ್ಮಮ್ಮನ ಪ್ರಕಾರ ನಾನು ಹುಟ್ಟಿದ್ದು 1960ರಲ್ಲಿ, ಸಂಕ್ರಾಂತಿಯ ಎಳ್ಳು ಬೀರಿದ ಮರುವಾರ. ಆದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು, ನಮ್ಮ ಕಾಲದ ಅರ್ಧ ಕರ್ನಾಟಕಕ್ಕೆ ಬರೆದಂತೆ, ನನಗೂ ಜೂನ್ 1 ಎಂದು ಬರೆದರು. ಆ ಉಪಕಾರದಿಂದ ನೌಕರಿಯಲ್ಲಿ ನಾಲ್ಕು ತಿಂಗಳ ಸಂಬಳ ಹೆಚ್ಚಿಗೆ ಸಿಕ್ಕಿತು, ಸುಳ್ಳು ಹೇಳಬಾರದು. 2020ರ ಮೇ 31ಕ್ಕೆ, ಲಾಕ್‌ಡೌನಿನ ನಡುವೆ, ಹಾರವೂ ಇಲ್ಲದೆ ನಿವೃತ್ತನಾದೆ. ಕೊರೊನಾ ನೆಪದಲ್ಲಿ ರೈಲ್ವೆಯವರು ಹಿರಿಯರ ರಿಯಾಯಿತಿ ನಿಲ್ಲಿಸಿದ್ದು ಅದೇ ವರ್ಷದ ಮಾರ್ಚ್ 20ಕ್ಕೆ. ಅಮ್ಮನ ಲೆಕ್ಕ ಹಿಡಿದಿದ್ದರೆ ಎರಡು ತಿಂಗಳಾದರೂ ನಾನು ಅಧಿಕೃತ ಮುದುಕನಾಗಿ ರೈಲು ಹತ್ತಬಹುದಿತ್ತು. ಮೇಷ್ಟ್ರ ಲೆಕ್ಕದಲ್ಲಿ ಒಂದು ದಿನವೂ ದಕ್ಕಲಿಲ್ಲ.

ಕೊರೊನಾ ಹೋಯಿತು, ಮಾಸ್ಕು ಹೋಯಿತು, ರಿಯಾಯಿತಿ ಬರಲಿಲ್ಲ. ಕೇಳಿದವರಿಗೆಲ್ಲ ಸರ್ಕಾರದ ಉತ್ತರ ಒಂದೇ: ನೂರು ರೂಪಾಯಿಯ ಪ್ರಯಾಣಕ್ಕೆ ಎಲ್ಲರಿಂದಲೂ 54 ರೂಪಾಯಿಯನ್ನಷ್ಟೇ ತೆಗೆದುಕೊಳ್ಳುತ್ತಿದ್ದೇವೆ, ಇನ್ನೇನು ಬೇಕು? ನಿಜವಿರಬಹುದು. ಹಾಗಂತ ಇಪ್ಪತ್ತೈದರ ಹುಡುಗನಿಗೂ ಎಪ್ಪತ್ತೈದರ ಅಜ್ಜನಿಗೂ ಒಂದೇ ಲೆಕ್ಕವೆ? ಕೊರೊನಾಕ್ಕೂ ಮೊದಲು, ಉಳ್ಳವರು ಬೇಕಾದರೆ ರಿಯಾಯಿತಿಯನ್ನು ಬಿಟ್ಟುಕೊಡಬಹುದು ಎಂದು ಟಿಕೆಟ್ ಬುಕ್ ಮಾಡುವಾಗ ವಿನಯದಿಂದ ಕೇಳುತ್ತಿದ್ದರು. ಆಮೇಲೆ ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಉಳಿದಿರುವುದು ಲೋವರ್ ಬರ್ತಿನ ಕೋಟಾ. ಗಂಡಸರಿಗೆ 60ಕ್ಕೆ, ಹೆಂಗಸರಿಗೆ 45ಕ್ಕೇ ಸಿಗುತ್ತದೆ. ನಲವತ್ತೈದಕ್ಕೇ ಈ ಪಟ್ಟಿಗೆ ಸೇರಿದ್ದೇನೆಂದು ಯಾವ ಹೆಂಗಸೂ ಹೇಳಿಕೊಂಡಿದ್ದು ನನಗೆ ಗೊತ್ತಿಲ್ಲ. ಬರ್ತು ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ, ರಾತ್ರಿ ಹತ್ತರವರೆಗೆ ಅದು ಊರ ಜಗಲಿ. ಮಿಡ್ಲ್ ಬರ್ತಿನವರು, ಅಪ್ಪರ್ ಬರ್ತಿನವರು, ಅವರ ಚಪಾತಿ ಪಲ್ಯದ ಡಬ್ಬಿ, ಎಲ್ಲ ನಮ್ಮ ಕಾಲ ಬುಡದಲ್ಲೇ. ಇನ್ನೇನು ಮಲಗಬೇಕೆನ್ನುವಾಗ, "ಅಂಕಲ್, ನೀವು ಮೇಲೆ ಹೋಗ್ತೀರಾ? ನಮ್ಮ ಫ್ಯಾಮಿಲಿ ಒಟ್ಟಿಗಿದೆ" ಎಂದೊಬ್ಬ ಯುವಕ ಮೃದುವಾಗಿ ಕೇಳುತ್ತಾನೆ. ನನ್ನ ವಯಸ್ಸನ್ನು ಅನುಮಾನಿಸುವವನು ಕೊನೆಗೂ ಸಿಕ್ಕ ಎಂದು ಒಂದು ಕ್ಷಣ ಖುಷಿಯಾಗುತ್ತದೆ. ಆದರೆ ಆ ಏಣಿಯ ಮೆಟ್ಟಿಲು ನೋಡಿದ ಮಂಡಿ ಒಪ್ಪುವುದಿಲ್ಲ.

ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಾದರೂ ರಿಯಾಯಿತಿಯನ್ನು ಮತ್ತೆ ಕೊಡಬಾರದೇಕೆ ಎಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಕೇಳಿದೆ. ಸಮಿತಿಯ ಮಾತು ರೈಲ್ವೆಗೆ ಕೇಳಿಸುವಷ್ಟರಲ್ಲಿ ನಮ್ಮ ಕಿವಿ ಮಂದವಾಗಿರುತ್ತದೆ. ಸದ್ಯಕ್ಕೆ ಕೈಗೆಟುಕುವುದು ಬಸ್ಸಿನ ಶೇ. 25 ಮಾತ್ರ. ಅರವತ್ತಾದವರು ಸಂಕೋಚ ಬಿಟ್ಟು ಕೇಳಿ ತಗೊಳ್ಳಿ, ಕಂಡಕ್ಟರು ಮೆಷಿನ್ ಒತ್ತುವುದಕ್ಕೆ ಮುಂಚೆಯೇ ಕೇಳಿ. ಟಿಕೆಟ್ ಹೊರಗೆ ಬಂದ ಮೇಲೆ ಅವರೂ ಏನೂ ಮಾಡಲಾರರು.