ತಾತನೇ ಬರಲಿ

ಅರಕಲಗೂಡಿನ ಹೊಗೆಸೊಪ್ಪಿನವನಿರಲಿ, ಚನ್ನರಾಯಪಟ್ಟಣದ ತೆಂಗಿನವನಿರಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಡೆಯಬಹುದಾದ ಮಾತು ಒಂದೇ. “ಕೃಷಿ ಹೊಂಡಕ್ಕೆ ಅರ್ಜಿ ಹಾಕ್ಬೇಕಿತ್ತು ಸಾರ್.” “ಪಹಣಿ?” “ತಾತನ ಹೆಸರ್ನಲ್ಲೈತೆ.” “ಹಾಗಾದ್ರೆ ತಾತನೇ ಬರ್ಲಿ.” “ತೀರ್ಕೊಂಡು ಇಪ್ಪತ್ತು ವರ್ಷ ಆಯ್ತಲ್ಲ!” “ಕಂಪ್ಯೂಟರ್ನಲ್ಲಿ ಇನ್ನೂ ಇದಾರಲ್ಲಪ್ಪ.” ಯೋಜನೆಗಳಿಗೇನೂ ಬರವಿಲ್ಲ. 2014ರಲ್ಲಿ ಕೃಷಿ ಭಾಗ್ಯ ಬಂತು, 2019ರಲ್ಲಿ ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಬಂತು. ಆದರೆ ಹೊಂಡ ಕೃಷಿ ಇಲಾಖೆಯಲ್ಲಿ, ತೆಂಗು ತೋಟಗಾರಿಕೆಯಲ್ಲಿ, ಬದು ಉದ್ಯೋಗ ಖಾತ್ರಿಯಲ್ಲಿ, ತಾತನ ಹೆಸರು ಬದಲಿಸುವ ಪೌತಿ ಖಾತೆ ಕಂದಾಯದಲ್ಲಿ. ರೈತ ಮಾತ್ರ ಹೊಳೆನರಸೀಪುರ–ಹಾಸನದ ಬಸ್ಸಿನಲ್ಲಿ.

ದಾಖಲೆ ಕೇಳದಿದ್ದರೆ ದುಡ್ಡು ದಲ್ಲಾಳಿಗಳ ಪಾಲಾಗುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಪಹಣಿ ‘ಭೂಮಿ’ ತಂತ್ರಾಂಶದಲ್ಲಿದೆ, ಆಧಾರ್, ಬ್ಯಾಂಕ್ ಖಾತೆಗಳು ರೈತರ ನೋಂದಣಿಯ ‘ಫ್ರೂಟ್ಸ್’ನಲ್ಲಿವೆ, ಇಷ್ಟು ಬಲ್ಲ ಸರ್ಕಾರವೇ ರೈತನನ್ನು ಹುಡುಕಿಕೊಂಡು ಹೋಗಬಹುದಲ್ಲ? ಅದೇ ಜೆರಾಕ್ಸನ್ನು ಮತ್ತೆ ಮತ್ತೆ ತರಿಸಿದರೆ ದಲ್ಲಾಳಿ ಓಡಿಹೋಗುವುದಿಲ್ಲ, ಅವನಿಗೆ ಉದ್ಯೋಗ ಸಿಗುತ್ತದೆ. ತಾತನ ಖಾತೆ ಬದಲಿಸಲು ಅಣ್ಣತಮ್ಮಂದಿರೇ ಒಪ್ಪದಿದ್ದರೆ ಇಲಾಖೆ ಏನು ಮಾಡೀತು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಆದರೂ ಉಳುವವನು ಯಾರೆಂದು ಊರಿಗೆಲ್ಲ ಗೊತ್ತು. ಹೊಂಡದ ನೀರಂತೂ ಖಾತೆ ನೋಡಿ ಇಂಗುವುದಿಲ್ಲ. “ಮುಂದಿನ ವರ್ಷ ಬಾರಪ್ಪ.” “ಯೋಜನೆ ಇರ್ತದಾ ಸಾರ್?” “ಇರುತ್ತೆ. ಹೆಸರು ಬೇರೆ ಇರುತ್ತೆ.”