ಪುಸ್ತಕ ಓದಿಕೊಂಡು ಬರುವವರಿಗೊಂದು ಬಹಿರಂಗ ಪತ್ರ

ಮಾನ್ಯ ಬ್ರಯಾನ್ ಲ್ಯಾಂಬ್ ಅವರಿಗೆ,

ಇತ್ತ ಎಲ್ಲ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ನನಗೆ ಅಂಥ ಕಾಳಜಿಯೇನೂ ಇಲ್ಲ, ಆದರೂ ಪತ್ರದ ಶಿಷ್ಟಾಚಾರ ತಪ್ಪಬಾರದೆಂದು ವಿಚಾರಿಸುತ್ತಿದ್ದೇನೆ.

ಕರ್ನಾಟಕದ ಸಾಹಿತ್ಯೋತ್ಸವಗಳಲ್ಲಿ, ಪುಸ್ತಕ ಬಿಡುಗಡೆಗಳಲ್ಲಿ, ಕರೆದರೆ ಟೀವಿಯಲ್ಲೂ, 'ಲೇಖಕರೊಂದಿಗೆ ಸಂವಾದ' ನಡೆಸಿಕೊಡುವವನು ನಾನು. ಕವಿ, ಕಾದಂಬರಿಕಾರರಿಗೆ ಬೇರೆಯವರಿದ್ದಾರೆ. ಇತಿಹಾಸ, ರಾಜಕಾರಣ, ಜೀವನಚರಿತ್ರೆ, ಆತ್ಮಕಥೆ ಬರೆದವರು ನನ್ನ ಪಾಲಿಗೆ. ಎಲ್ಲವೂ ಸುಸೂತ್ರವಾಗಿಯೇ ನಡೆದಿತ್ತು. ಮೊನ್ನೆ ಸಂಘಟಕರೊಬ್ಬರು ನಿಮ್ಮ ಹಳೆಯ ಸಂದರ್ಶನಗಳ ವಿಡಿಯೊ ಕಳಿಸಿ, "ಸರ್, ಮುಂದಿನ ಸಲ ಸ್ವಲ್ಪ ಹಿಂಗ ಮಾಡಾಕ ಆಗ್ತದೇನು ನೋಡ್ರಿ" ಅಂದರು. ಧಾರವಾಡದ ಕಡೆಯವರು, ಬೈಯುವುದನ್ನೂ ವಿನಂತಿಯ ಹಾಗೇ ಬೈಯುತ್ತಾರೆ. ನೋಡಿದೆ. ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

1989ರ ಏಪ್ರಿಲ್‌ನಲ್ಲಿ ಅಮೆರಿಕದ ನಿಮ್ಮ ಸಿ-ಸ್ಪ್ಯಾನ್ ಟೀವಿ ವಾಹಿನಿಯಲ್ಲಿ 'ಬುಕ್‌ನೋಟ್ಸ್' ಎಂಬ ಸಂದರ್ಶನ ಕಾರ್ಯಕ್ರಮ ಶುರುಮಾಡಿದಿರಿ, 2004ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಿರಿ. ವಾರಕ್ಕೊಬ್ಬ ಲೇಖಕ, ಲೇಖಕನಿಗೊಂದು ಗಂಟೆ, ನಡುವೆ ಜಾಹೀರಾತಿಲ್ಲ. ಒಮ್ಮೆ ಬಂದವರನ್ನು ಮತ್ತೆ ಕರೆಯುವುದಿಲ್ಲ ಎಂಬ ನಿಯಮ ಬೇರೆ. ಹೀಗೆ 801 ಕಂತುಗಳು. ಇಲ್ಲಿಯವರೆಗೆ ನನ್ನ ತಕರಾರಿಲ್ಲ, ಅಮೆರಿಕದವರಿಗೆ ಎಲ್ಲದರಲ್ಲೂ ಅತಿ. ತಕರಾರು ಇರುವುದು ನೀವು ಆ ಪುಸ್ತಕಗಳನ್ನೆಲ್ಲ ಓದಿಕೊಂಡು ಬಂದು ಕೂತಿರಲ್ಲ, ಅದಕ್ಕೆ. ಓದಿದ್ದು ಸಾಲದೆಂದು ಪುಟಗಳ ಮೇಲೆಯೇ ಟಿಪ್ಪಣಿ ಮಾಡಿಕೊಂಡಿರಿ. ಅದೂ ಸಾಲದೆಂದು ಆ ಪ್ರತಿಗಳನ್ನು ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿರಿ. ಯಾರು ಬೇಕಾದರೂ ಹೋಗಿ ನೋಡಿ, ಸಂದರ್ಶಕನಾದವನು ಪುಸ್ತಕ ಓದಿದ್ದ ಎಂದು ಸಾಬೀತು ಮಾಡಬಹುದು! ವೃತ್ತಿಬಾಂಧವರ ಬಗ್ಗೆ ಇಷ್ಟಾದರೂ ದಯೆ ಬೇಡವೆ?

ನಮ್ಮ ಪದ್ಧತಿ ತಿಳಿಸುತ್ತೇನೆ, ಕೇಳಿ. ಕಾರಿನಲ್ಲಿ ಬರುವಾಗ ಬೆನ್ನುಡಿ. ಟ್ರಾಫಿಕ್ ಇದ್ದರೆ ಮುನ್ನುಡಿಯ ಕೊನೆಯ ಪ್ಯಾರಾ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡರೆ ಪರಿವಿಡಿಯೂ ಆದೀತು. ವೇದಿಕೆಗೆ ಹೋದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಗಿಡಕ್ಕೆ ನೀರೆರೆಯುವುದು, ಪ್ರಾಸ್ತಾವಿಕ ನುಡಿ. ಮುಕ್ಕಾಲು ಗಂಟೆಯ ಗೋಷ್ಠಿಯಲ್ಲಿ ಉಳಿಯುವುದೇ ಅರ್ಧ. ಅದರಲ್ಲಿ ನನ್ನ ಮೊದಲ ಪ್ರಶ್ನೆ ಇರುತ್ತದೆ. ಪ್ರಶ್ನೆ ಎಂದರೆ ಬರೀ ಪ್ರಶ್ನೆಯಲ್ಲ. ಅದಕ್ಕೊಂದು ಪೀಠಿಕೆ, ಪೀಠಿಕೆಯಲ್ಲಿ ಫ್ರೆಂಚ್ ಚಿಂತಕ ಫೂಕೋ, ಫೂಕೋ ನಂತರ ನನ್ನದೇ ಹಳೆಯ ಲೇಖನವೊಂದರ ಪ್ರಸ್ತಾಪ, ಕೊನೆಗೆ "ಈ ಹಿನ್ನೆಲೆಯಲ್ಲಿ ತಾವು ಹೇಗೆ ನೋಡುತ್ತೀರಿ?" ಲೇಖಕರು ಯಾವುದನ್ನು ಹೇಗೆ ನೋಡಬೇಕೆಂದು ತಿಳಿಯದೆ ನನ್ನನ್ನೇ ನೋಡುತ್ತಾರೆ. ಆಗ "ಅದಿರಲಿ, ಈ ಕೃತಿಗೆ ಪ್ರೇರಣೆ ಏನು?" ಎಂದು ಕೈಹಿಡಿಯುತ್ತೇನೆ. ಯಾವ ಪುಸ್ತಕಕ್ಕೂ ಒಗ್ಗುವ ಪ್ರಶ್ನೆ ಅದು. ಸಭಿಕರಿಗೆ ಮೈಕ್ ಕೊಡುವ ಹೊತ್ತಿಗೆ ಹಿರಿಯರೊಬ್ಬರು ಎದ್ದು, "ನಂದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಎಂದು ಶುರುಮಾಡುತ್ತಾರೆ. ಮುಂದಿನದು ವಂದನಾರ್ಪಣೆ.

ನೀವೋ? ಕಪ್ಪು ಪರದೆ, ಎರಡು ಕುರ್ಚಿ, ಒಂದು ಸಾಲಿನ ಪ್ರಶ್ನೆ. ಎಲ್ಲಿ ಕೂತು ಬರೆದಿರಿ? ಮುಖಪುಟದಲ್ಲಿರುವ ಈ ವ್ಯಕ್ತಿ ಯಾರು? ಪುಸ್ತಕವನ್ನು ಇವರಿಗೆ ಅರ್ಪಿಸಿದ್ದೀರಲ್ಲ, ಇವರು ನಿಮಗೆ ಏನಾಗಬೇಕು? ಇಷ್ಟು ಕೇಳಿ ಸುಮ್ಮನಾಗುತ್ತೀರಿ. ಇಂಥ ಪ್ರಶ್ನೆಗಳನ್ನು ನಮ್ಮಲ್ಲಿ ಹೈಸ್ಕೂಲು ಹುಡುಗರೂ ಕೇಳುತ್ತಾರೆ, ಅವರಿಗೆ ಮಾನಧನ ಕೊಡುವುದಿಲ್ಲ. ನಿಮ್ಮ ಹೆಸರನ್ನು ನೀವೇ ಪರದೆಯ ಮೇಲೆ ಹೇಳಿಕೊಂಡದ್ದೂ ಅಪರೂಪವಂತೆ. ನಮ್ಮ ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿನ ಅಕ್ಷರದ ಗಾತ್ರ ಲೇಖಕರದಕ್ಕಿಂತ ಒಂದು ಪಾಯಿಂಟ್ ಸಣ್ಣದಾದರೂ ನಾನು ಫೋನ್ ಮಾಡುತ್ತೇನೆ.

ಅರ್ಪಣೆ ಎಂದಾಗ ನೆನಪಾಯಿತು. ಹಳೇ ಮೈಸೂರು ಸೀಮೆಯ ಕೆರೆಗಳ ಬಗ್ಗೆ ದಪ್ಪನೆಯ ಪುಸ್ತಕ ಬರೆದವರೊಬ್ಬರ ಜತೆ ನನ್ನ ಗೋಷ್ಠಿಯಿತ್ತು. ತಾಲ್ಲೂಕು ಕಚೇರಿಗಳ ಕಡತ ಕೆದಕಿ, ಯಾವ ಏರಿಯನ್ನು ಯಾರು ರಿಪೇರಿ ಮಾಡಿದರು, ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆಯ ಜಮೀನು ಯಾರ ಪಾಲಾಯಿತು ಎಂದೆಲ್ಲ ಬರೆದಿದ್ದರಂತೆ. ಕೆರೆ ಎಂದರೆ ಸಭೆ ಆಕಳಿಸುತ್ತದೆಂಬುದು ನನ್ನ ಅನುಭವ. ಹಾಗಾಗಿ ನೇರವಾಗಿ ಕೇಳಿದೆ: "ಟಿಪ್ಪು ದೇಶಭಕ್ತನೋ ಮತಾಂಧನೋ, ಒಂದೇ ಮಾತಿನಲ್ಲಿ ಹೇಳಿ." ಸಭೆ ಎದ್ದು ಕೂತಿತು. ಲೇಖಕರು ಪುಸ್ತಕದಲ್ಲಿ ಚೀಟಿಯಿಟ್ಟುಕೊಂಡು ಬಂದಿದ್ದ ಪುಟವನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ನಾನು ತೂಬಿನ ಬಗ್ಗೆ ಬರೆದಿದ್ದೇನೆ" ಎಂದರು ಮೆಲ್ಲಗೆ. "ಅಂದರೆ ಉತ್ತರದಿಂದ ತಪ್ಪಿಸಿಕೊಳ್ಳುತ್ತಿದ್ದೀರಿ" ಎಂದೆ. ಚಪ್ಪಾಳೆ. ಆಮೇಲೆ ಊಟದ ಸಾಲಿನಲ್ಲಿ ಅವರು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: ಅವರ ಅಜ್ಜ ಊರಿನ ನೀರಗಂಟಿ. ತೂಬು ಎತ್ತಿ ಊರಿನ ಗದ್ದೆಗಳಿಗೆಲ್ಲ ಪಾಳಿಯ ಪ್ರಕಾರ ನೀರು ಬಿಡುತ್ತಿದ್ದವರು. ಅವರದೇ ಕೇರಿಯ ಹೊಲಕ್ಕೆ ಮಾತ್ರ ಆ ನೀರು ಹತ್ತುತ್ತಿರಲಿಲ್ಲ. ಪುಸ್ತಕದ ಅರ್ಪಣೆ ಆ ಅಜ್ಜನಿಗೇ. ನೀವಾಗಿದ್ದರೆ ಅರ್ಪಣೆಯ ಪುಟ ತೋರಿಸಿ "ಇವರು ಯಾರು?" ಎಂದು ಕೇಳಿ, ಆ ಮನುಷ್ಯ ತುಂಬಿದ ಸಭೆಯ ಮುಂದೆ ಜಾತಿ, ಜಮೀನು, ಸಂಸ್ಥಾನದ ರಾಜಕಾರಣ ಎಲ್ಲವನ್ನೂ ಅಜ್ಜನ ಹೆಸರಲ್ಲಿ ಹೇಳುವ ಹಾಗೆ ಮಾಡಿಬಿಡುತ್ತಿದ್ದಿರಿ. ಸದ್ಯ, ಊಟದ ಸಾಲಿನಲ್ಲಿ ಮೈಕ್ ಇರಲಿಲ್ಲ.

ನಿಮ್ಮ ಅತಿಥಿಗಳೂ ನಿಮ್ಮಂಥವರೇ. 'ಬುಕ್‌ನೋಟ್ಸ್' ಹುಟ್ಟುವ ಮುಂಚೆ, 1988ರಲ್ಲಿ, ವಿಯೆಟ್ನಾಂ ಯುದ್ಧದ ಬಗ್ಗೆ ಬರೆದ ನೀಲ್ ಶೀಹಾನ್ ಅವರನ್ನು ಅರ್ಧರ್ಧ ಗಂಟೆಯ ಐದು ಕಂತುಗಳಲ್ಲಿ ಮಾತಾಡಿಸಿದಿರಿ. ಆತ ಒಂದೇ ಪುಸ್ತಕಕ್ಕೆ 16 ವರ್ಷ ಕಳೆದವರು. ಶೆಲ್ಬಿ ಫೂಟ್ ಅಮೆರಿಕದ ಅಂತರ್ಯುದ್ಧದ ಬಗ್ಗೆ ಮೂರು ಸಂಪುಟ ಬರೆಯಲು 20 ವರ್ಷ ತೆಗೆದುಕೊಂಡರು, ಅದೂ ಶಾಯಿಯಲ್ಲಿ ಅದ್ದಿ ಅದ್ದಿ ಬರೆಯುವ ಪೆನ್ನಿನಲ್ಲಿ. ಇಂಥವರಿಗೆ ಗಂಟೆಗಟ್ಟಲೆ ಸಮಯ ಕೊಟ್ಟರೆ ನಮ್ಮಲ್ಲಿ ಎರಡು ತಿಂಗಳಲ್ಲಿ ಪುಸ್ತಕ ಮುಗಿಸುವವರ ಗತಿಯೇನು? ಅವರೂ ಮನುಷ್ಯರೇ, ಅವರಿಗೂ ಪ್ರಶಸ್ತಿಯ ಗಡುವು ಇರುತ್ತದೆ.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ರಾಬರ್ಟ್ ಕ್ಯಾರೊ ಮೇಲೆ. ಅವರು ಬರೆಯುತ್ತಿರುವ, ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಜೀವನಚರಿತ್ರೆಯ ಮೊದಲ ಸಂಪುಟ 1982ರಲ್ಲಿ ಬಂತು, ಕೊನೆಯದು ಇನ್ನೂ ಬರಬೇಕು. ಈ ಮಹಾಶಯರು ಯಾರನ್ನಾದರೂ ಮಾತಾಡಿಸುವಾಗ ತಮ್ಮ ನೋಟ್‌ಬುಕ್ಕಿನಲ್ಲಿ 'ಎಸ್‌ಯು' ಎಂದು ಬರೆದುಕೊಳ್ಳುತ್ತಿದ್ದರಂತೆ. 'ಶಟ್ ಅಪ್', ಅಂದರೆ 'ಬಾಯಿ ಮುಚ್ಚು' ಎಂದು ತಮಗೆ ತಾವೇ ಕೊಟ್ಟುಕೊಂಡ ಎಚ್ಚರಿಕೆ! ಎದುರಿನವರು ಮೌನ ತಾಳಲಾರದೆ ತಾವಾಗಿಯೇ ಮಾತಾಡಲಿ ಎಂದು. ಜಾನ್ಸನ್ ಅವರ ತಮ್ಮ ಸ್ಯಾಮ್ ಹ್ಯೂಸ್ಟನ್ ಬಡಾಯಿಯ ಮನುಷ್ಯ. ಅಣ್ಣನ ಬಾಲ್ಯದ ಬಗ್ಗೆ ಅವರು ಹೇಳಿದ ಕಥೆಗಳೆಲ್ಲ ಅಲಂಕಾರದವೇ. ಕ್ಯಾರೊ ಏನು ಮಾಡಿದರು ಗೊತ್ತೆ? ಟೆಕ್ಸಸ್‌ನಲ್ಲಿ ಸ್ಮಾರಕವಾಗಿದ್ದ ಜಾನ್ಸನ್ ಕುಟುಂಬದ ಹಳೆಯ ಮನೆಗೆ, ಪ್ರವಾಸಿಗರು ಹೋದ ಮೇಲೆ, ಸ್ಯಾಮ್ ಅವರನ್ನು ಕರೆದೊಯ್ದು ಊಟದ ಮೇಜಿನಲ್ಲಿ ಚಿಕ್ಕಂದಿನಲ್ಲಿ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದರು. ತಾವು ಬೆನ್ನ ಹಿಂದೆ, ಕಣ್ಣಿಗೆ ಬೀಳದಂತೆ ಕೂತರು. ಅಪ್ಪನಿಗೂ ಲಿಂಡನ್‌ಗೂ ಊಟದ ಹೊತ್ತಿನಲ್ಲಿ ಜಗಳವಾಗುತ್ತಿತ್ತಲ್ಲ, ಹೇಗಿತ್ತು ಎಂದು ಕೇಳಿದರು. ಮೊದಮೊದಲು ತಡವರಿಸಿದ ಸ್ಯಾಮ್ ಬರುಬರುತ್ತ ಆ ಜಗಳವನ್ನೇ ಕೂಗಿ ಆಡತೊಡಗಿದರು. ಹಿಂದೆ ಹೇಳಿದ್ದ ಕಥೆಗಳನ್ನು ಇನ್ನೊಮ್ಮೆ ಹೇಳಿ ಎಂದಾಗ, ಅವು ನಡೆದೇ ಇರಲಿಲ್ಲ ಎಂದು ಒಪ್ಪಿಕೊಂಡು, ನಡೆದದ್ದನ್ನು ಹೇಳಿದರು. ಅಧ್ಯಕ್ಷನೊಬ್ಬನ ಅಧಿಕಾರದ ಹಸಿವು ಎಲ್ಲಿಂದ ಬಂತೆಂದು ಆ ಮೇಜಿನಲ್ಲಿ ಕಂಡಿತು.

ಮೆಚ್ಚುತ್ತಿದ್ದೇನೆಂದು ತಿಳಿಯಬೇಡಿ. ಬೆನ್ನ ಹಿಂದೆ ಕೂತರೆ ಕ್ಯಾಮೆರಾಕ್ಕೆ ನನ್ನ ಮುಖ ಕಾಣುವುದು ಹೇಗೆ?

ಒಂದು ದೂರು ಮಾತ್ರ ನಿಜಕ್ಕೂ ದೂರು. ನಿಮ್ಮ ಮುಂದೆ ನಿಕ್ಸನ್ ಕೂತರು, ಥ್ಯಾಚರ್ ಕೂತರು, ಗೋರ್ಬಚೆವ್ ಕೂತರು. ಇವರೆಲ್ಲ ಲೇಖಕರಾದದ್ದು ತಮ್ಮ ಕಾಲದ ಕಥೆಯನ್ನು ತಮಗೆ ಬೇಕಾದಂತೆ ಹೇಳುವುದಕ್ಕೇ. ನೀವು ವಾದಕ್ಕಿಳಿಯುವವರಲ್ಲ. ಕೇಳಿ, ಉತ್ತರ ಪಡೆದು, ಮುಂದಿನ ಪುಟಕ್ಕೆ ಹೋಗುವವರು. ವೀಕ್ಷಕರೇ ತೂಗಿ ನೋಡಿಕೊಳ್ಳಲಿ ಎಂಬುದು ನಿಮ್ಮ ನಂಬಿಕೆ. ತೂಗುವುದಕ್ಕೆ ಅವರ ಬಳಿ ಇನ್ನೊಂದು ಪುಸ್ತಕ ಇರಬೇಕಲ್ಲ? ಚೆನ್ನಾಗಿ ಮಾತಾಡುವ ಸುಳ್ಳುಗಾರನಿಗೆ ನಿಮ್ಮಷ್ಟು ಒಳ್ಳೆಯ ಶ್ರೋತೃ ಸಿಗುವುದು ಅಪಾಯ. ನಾನಾಗಿದ್ದರೆ ನಿಕ್ಸನ್ ಕೂರುವ ಮೊದಲೇ "ವಾಟರ್‌ಗೇಟ್!" ಎಂದು ಕೂಗಿ, ಅವರು ಎದ್ದುಹೋಗುವುದನ್ನು ದಿನವಿಡೀ ತೋರಿಸುತ್ತಿದ್ದೆ. ಅದರಿಂದಲೂ ವಾಟರ್‌ಗೇಟ್ ಹಗರಣದ ಬಗ್ಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ನೀವು 2012ರಲ್ಲಿ ಸಿ-ಸ್ಪ್ಯಾನ್‌ನ ಮುಖ್ಯಸ್ಥನ ಹುದ್ದೆ ಬಿಟ್ಟಿರಿ, 2019ರಲ್ಲಿ ಟೀವಿ ಸಂದರ್ಶನವನ್ನೂ ನಿಲ್ಲಿಸಿದಿರಿ ಎಂದು ಓದಿ ಸಮಾಧಾನಪಟ್ಟಿದ್ದೆ. 2021ರಲ್ಲಿ ಪಾಡ್‌ಕಾಸ್ಟ್ ಎಂದು ಮತ್ತೆ ಹಾಜರು. ಎಂಬತ್ತು ದಾಟಿದರೂ ಓದುವ ಚಟ ಬಿಡದವರಿಗೆ ಹೇಳಿ ಪ್ರಯೋಜನವಿಲ್ಲ. ಹಾಗಾಗಿ ಸ್ವಂತದ ಒಂದು ಕೆಲಸಕ್ಕೆ ಬರುತ್ತೇನೆ.

ಬರುವ ಭಾನುವಾರ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಳ್ಳಾರಿ ಜೈಲಿನಲ್ಲಿದ್ದ ಹಿರಿಯರೊಬ್ಬರ ಆತ್ಮಕಥೆಯ ಗೋಷ್ಠಿ ನನ್ನದು. ಆರುನೂರು ಪುಟ. ಪುಸ್ತಕ ಮನೆಗೆ ಬಂದು ವಾರವಾಯಿತು, ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಧಾರವಾಡದವರು ದಿನಾ ಫೋನ್ ಮಾಡಿ, "ಸರ್, ಎಲ್ಲಿವರೆಗೆ ಬಂತ್ರಿ?" ಎಂದು ಕೇಳುತ್ತಾರೆ. ನೀವು ಹೇಗೂ ಓದುವವರು. ಪುಸ್ತಕ ಕೊರಿಯರ್ ಮಾಡುತ್ತೇನೆ, ಕನ್ನಡದಲ್ಲಿದೆ, ನಿಮ್ಮಲ್ಲಿ ಯಾರಾದರೂ ಕನ್ನಡದವರು ಸಿಕ್ಕೇ ಸಿಗುತ್ತಾರೆ. ನಾಲ್ಕೇ ನಾಲ್ಕು ಪ್ರಶ್ನೆ ಬರೆದು ಶನಿವಾರದೊಳಗೆ ಕಳಿಸಿ. ಸಣ್ಣವಾದರೆ ಚಿಂತೆಯಿಲ್ಲ, ಪೀಠಿಕೆ ನಾನು ಸೇರಿಸಿಕೊಳ್ಳುತ್ತೇನೆ.

ಇಂತಿ ನಿಮ್ಮ ವೃತ್ತಿಬಾಂಧವ,
ಗೋಷ್ಠಿಯ ನಿರ್ದೇಶಕ