ಪರ್ಸೆಂಟ್ ಮಾಷ್ಟ್ರು

ಎದುರು ಸಿಕ್ಕಿದವರನ್ನು ‘ಊಟ ಆಯ್ತಾ’ ಎಂದು ಕೇಳುವುದು ನಮ್ಮ ಕೂಳೂರಿನಲ್ಲೂ ವಾಡಿಕೆ. ನಮ್ಮ ಅಡ್ಡರಸ್ತೆಯ ನಿವೃತ್ತ ಮಾಷ್ಟ್ರಿಗೆ ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಹಾಲಿನ ಬೂತಿನವನು, ಮೀನು ತರುವ ಅಕ್ಕ, ಬಸ್‌ಸ್ಟಾಪಿನ ರಿಕ್ಷಾದವರು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಏತ್ ಆಂಡ್ ಮಾಷ್ಟ್ರೇ?’ ಎಷ್ಟಾಯ್ತು ಅಂತ. ಮಾಷ್ಟ್ರು ನಿಂತು, ಕೊಡೆ ಮಡಚಿ, ಗಂಭೀರವಾಗಿ ಹೇಳುತ್ತಾರೆ, ‘ಮೂವತ್ತು.’ ಹೊಸಬರು ಅದನ್ನು ಶುಗರೋ ಬೀಪಿಯೋ ಅಂದುಕೊಂಡು, ಮೂವತ್ತಕ್ಕೆ ಇವರು ಹೇಗೆ ನಡೆದಾಡುತ್ತಿದ್ದಾರೆ ಎಂದು ಗಾಬರಿಯಾಗುವುದುಂಟು. ಅದು ಅವರ ಮನೆಯ ಕಂಪ್ಯೂಟರಿನ ಅಪ್‌ಡೇಟು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಹಾಳಾದದ್ದನ್ನು ಬಿಸಾಡುವುದು ಅವರ ಜಾತಕದಲ್ಲಿಲ್ಲ. ಮಾಷ್ಟ್ರ ಕಂಪ್ಯೂಟರು 2009ರ ಕೊನೆಗೆ, ವಿಂಡೋಸ್ 7 ಹೊಸತಾಗಿ ಬಂದಾಗ, ಹಂಪನಕಟ್ಟೆಯ ಅಂಗಡಿಯೊಂದರಿಂದ ರಿಕ್ಷಾದಲ್ಲಿ ಕೂತು ಬಂದದ್ದು. ಮಾನಿಟರಿಗೆ ಮಾಷ್ಟ್ರ ಹೆಂಡತಿ ಅಮ್ಮನವರ ಹಳೇ ಸೀರೆಯ ಗವುಸು. ಸಿಪಿಯು ಡಬ್ಬಿಯ ಒಂದು ಬದಿಯ ಮುಚ್ಚಳ ಸದಾ ತೆರೆದೇ ಇರುತ್ತದೆ, ‘ಗಾಳಿ ಆಡಲಿ ಮಾರಾಯ’ ಅಂತ. ಆಯುಧಪೂಜೆಗೆ ಅದಕ್ಕೆ ಹಚ್ಚಿದ ಕುಂಕುಮ ಮುಂದಿನ ಆಯುಧಪೂಜೆಯವರೆಗೂ ಮಾಸುವುದಿಲ್ಲ. ವಿಂಡೋಸ್ 10 ಪುಕ್ಕಟೆ ಸಿಗುವುದಕ್ಕೆ 2016ರ ಜುಲೈ 29 ಕೊನೆಯ ದಿನವಾಗಿತ್ತಲ್ಲ, ಆ ರಾತ್ರಿ ಮಾಷ್ಟ್ರು ಶಿವರಾತ್ರಿಗಿಂತ ಭಕ್ತಿಯಿಂದ ಜಾಗರಣೆ ಕೂತು ಅದನ್ನು ಇಳಿಸಿಕೊಂಡರು. ಪುಕ್ಕಟೆ ಬಂದದ್ದರ ಚಾಕರಿ ಅಲ್ಲಿಂದ ಶುರುವಾಯಿತು.

ಅಷ್ಟು ಹಳೆಯದು ಯಾಕೆ ಎಂದು ಕೇಳಿ ನೋಡಿ. ಭಜನಾ ಮಂದಿರದ ಲೆಕ್ಕ, ಶಾಲೆಯ ಹಳೆ ವಿದ್ಯಾರ್ಥಿಗಳ ಪಟ್ಟಿ, ತಾವೇ ಕೂತು ಬೆರಳಚ್ಚು ಮಾಡಿದ ಯಕ್ಷಗಾನ ಪ್ರಸಂಗಗಳು, ಎಲ್ಲ ಅದರ ಹೊಟ್ಟೆಯಲ್ಲಿವೆ, ಅದೂ ಹಳೇ ನುಡಿ ಅಕ್ಷರದಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಭೀಮನ ಗದಾಯುದ್ಧವೆಲ್ಲ ಚಿತ್ರಲಿಪಿಯಾಗಿ ಕಾಣುತ್ತದೆ. ಮಾತು ನುಡಿಗೆ ಬಂದರೆ ಮಾಷ್ಟ್ರು ಒಂದು ಉಪಕಥೆ ಹೇಳದೆ ಬಿಡುವುದಿಲ್ಲ: ಅದರ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್ ನಮ್ಮ ಗುರುಪುರದ ಕಡೆಯ ಕಿನ್ನಿಕಂಬಳದವರು, ಅವರ ಊರಿನ ಕಡೆಯಿಂದಲೇ ಹೊಳೆ ಇಲ್ಲಿಗೆ ಹರಿದು ಬರುವುದು, ಆದ್ದರಿಂದ ಕನ್ನಡ ಟೈಪಿಂಗಿನಲ್ಲಿ ಕೂಳೂರಿಗೂ ಒಂದು ಪಾಲು ಉಂಟು. ತರ್ಕ ಎಲ್ಲಿ ಸೋರಿತು ಎಂದು ಯಾರೂ ಹುಡುಕಲು ಹೋಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ತೆಗೆದುಕೊಡುತ್ತೇನೆಂದು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಹೇಳಿದಾಗ ಮಾಷ್ಟ್ರು ಕೊಟ್ಟ ಉತ್ತರ ಇದು: ‘ಕೂಳೂರಿನ ಹಳೇ ಸೇತುವೆಗೆ ಎಷ್ಟು ಸಲ ತೇಪೆ ಹಾಕಿದ್ದಾರೆ? ಲಾರಿ ಹೋಗುವುದು ನಿಂತಿದೆಯಾ? ಮತ್ತೆ ಇದಕ್ಕೇನು ಧಾಡಿ?’

ಅಪ್‌ಡೇಟಿನ ದಿನ ಆ ಮನೆಯ ಸಂಭ್ರಮ ನೋಡಬೇಕು. ಬೆಳಿಗ್ಗೆಯೇ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಎಲ್ಲಕ್ಕೂ ನಿಷೇಧ, ವೋಲ್ಟೇಜು ಇಳಿದರೆ ಕಷ್ಟ. ‘ಮಾರಾಯ್ತಿ, ಇವತ್ತು ಚಟ್ನಿ ಬೇಡ, ಉಪ್ಪಿನಕಾಯಿ ಸಾಕು’ ಎಂಬ ಆಜ್ಞೆ. ನೀರುದೋಸೆಗೆ ಉಪ್ಪಿನಕಾಯಿ ತಿನ್ನುವ ಯೋಗ ಅಮ್ಮನವರಿಗೆ ತಿಂಗಳಿಗೊಮ್ಮೆ, ಎರಡನೇ ಮಂಗಳವಾರದ ಮರುದಿನ, ತಪ್ಪದೆ ಬರುತ್ತದೆ. ಅಮೆರಿಕದಲ್ಲಿ ಅಪ್‌ಡೇಟು ಬಿಡುವುದು ಎರಡನೇ ಮಂಗಳವಾರ ಬೆಳಿಗ್ಗೆ, ನಮಗೆ ಅದು ರಾತ್ರಿಯಾಗುತ್ತದೆ. ನೀಲಿ ಪರದೆಯ ಮೇಲೆ ಚುಕ್ಕಿಗಳು ಸುತ್ತತೊಡಗುತ್ತವೆ. ಹತ್ತು, ಹದಿನೆಂಟು, ಮೂವತ್ತು. ಮೂವತ್ತಕ್ಕೆ ಬಂದು ಕೂತಿತೆಂದರೆ ಮಾಷ್ಟ್ರಿಗೆ ಹೊಳೆ ಬದಿಗೆ ಹೋಗಿ ಬರುವಷ್ಟು ಪುರುಸೊತ್ತು, ಊರಿಗೆಲ್ಲ ಸುದ್ದಿ ಮುಟ್ಟುವುದು ಆಗಲೇ. ಸಂಜೆಯ ಗೋಳಿಬಜೆಯ ಹೊತ್ತಿಗೆ ತೊಂಬತ್ತೆಂಟು. ಆಮೇಲೆ ಒಂದು ಸಾಲು: ಅಪ್‌ಡೇಟು ಪೂರ್ಣಗೊಳಿಸಲಾಗಲಿಲ್ಲ, ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ.

ಬೇರೆಯವರಾದರೆ ಬೈಯುತ್ತಾರೆ. ಮಾಷ್ಟ್ರ ಮುಖದಲ್ಲಿ ಆಗಲೇ ಕಳೆ ಬರುವುದು. ಅವರಿಗೆ ಬೇಕಾದದ್ದು ಅಪ್‌ಡೇಟು ಎನ್ನುವುದಕ್ಕಿಂತ ಅದು ಕೊಡುವ ತಪ್ಪಿನ ನಂಬರು. ‘ಬಂತು ನೋಡಿ! ಸೊನ್ನೆ ಎಕ್ಸ್ 80070070. ಡಿಸ್ಕಿನಲ್ಲಿ ಜಾಗ ಇಲ್ಲ!’ ಮೊಮ್ಮಗಳ ನಾಮಕರಣದ ವಿಡಿಯೋವನ್ನು ಪೆನ್‌ಡ್ರೈವಿಗೆ ಸಾಗಿಸಿದರೆ ಆ ನಂಬರು ಹೋಯಿತು. 2024ರ ಜನವರಿಯಲ್ಲಿ ಲೋಕದ ಎಷ್ಟೋ ಕಂಪ್ಯೂಟರುಗಳಲ್ಲಿ 80070643 ಎಂಬ ಇನ್ನೊಂದು ಬಂದಿತ್ತು. ಕಷ್ಟಕಾಲಕ್ಕೆಂದು ಡಿಸ್ಕಿನ ಒಂದು ಮೂಲೆಯಲ್ಲಿ ಕಾದಿಟ್ಟ ಭಾಗ ಚಿಕ್ಕದಾಯಿತು, ಅದನ್ನು ಕೈಯಾರೆ 250 ಎಂಬಿಯಷ್ಟು ಹಿಗ್ಗಿಸಿಕೊಳ್ಳಿ ಎಂದು ವಿಂಡೋಸಿನವರು ಮನೆಮಂದಿಗೇ ಹೇಳಿದ್ದರು. ಉಳಿದವರು ಕೈಚೆಲ್ಲಿದರು, ಮಾಷ್ಟ್ರು ಕನ್ನಡಕ ಹಣೆಗೇರಿಸಿ ಕಪ್ಪು ಪರದೆ ತೆರೆದು ಒಂದೊಂದೇ ಅಕ್ಷರ ಒತ್ತುತ್ತ ಕೂತರು. ನೋಡಲು ಬಂದವರಿಗೆ ಚಹಾ ಸರಬರಾಜು. ಅಪ್‌ಡೇಟು ಇಳಿದು ಕೂರುವ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್’ ಎಂಬ ಫೋಲ್ಡರನ್ನು ಸರ್ವಿಸ್ ನಿಲ್ಲಿಸಿ ಖಾಲಿ ಮಾಡುವುದು, ಕೆಟ್ಟ ಕಡತ ಹುಡುಕುವ ಎಸ್‌ಎಫ್‌ಸಿ ಓಡಿಸುವುದು, ಎಲ್ಲ ಅವರಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. ನಂಬರುಗಳನ್ನೆಲ್ಲ ಒಂದು ಚೀಟಿಯಲ್ಲಿ ದುಂಡಗೆ ಬರೆದು ಮಾನಿಟರಿನ ಬಲಗಡೆಯ ಕೆಳಮೂಲೆಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು.

ಈ ಚೀಟಿಯ ವಿಷಯ ನೆನಪಿಡಿ.

2025ರ ಮಳೆಗಾಲದಲ್ಲಿ ಮಾಷ್ಟ್ರಿಗೆ ನಿಜವಾದ ಕಂಟಕ ಬಂತು. ‘ಏತ್ ಆಂಡ್?’ ಎಂದರೆ ‘ಸೊನ್ನೆ.’ ಮರುದಿನ ‘ಸೊನ್ನೆ.’ ಜೂನ್ ಹೋಗಿ ಜುಲೈ ಬಂದರೂ ಸೊನ್ನೆ. ನಂಬರೂ ಸರಿಯಾಗಿ ಇಲ್ಲ, ಸಂಪರ್ಕ ಆಗಲಿಲ್ಲ ಎಂದಷ್ಟೇ. ರಿಕ್ಷಾದವರು ಕೇಳುವುದನ್ನು ನಿಲ್ಲಿಸಿದರು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ವಿಚಾರಿಸಲು ಅಂಜುತ್ತಾರಲ್ಲ, ಆ ಥರ. ಮಾಷ್ಟ್ರು ಉಪ್ಪುಗಾಳಿಯನ್ನು ಬೈದರು. ಕೇಬಲ್ಲಿನವನನ್ನು ಬೈದರು. ಹೆದ್ದಾರಿಯಲ್ಲಿ ಪಣಂಬೂರಿಗೆ ಹೋಗುವ ಟ್ಯಾಂಕರುಗಳ ಅದುರಾಟಕ್ಕೆ ಒಳಗಿನ ತಂತಿ ಸಡಿಲವಾಗಿದೆ ಎಂಬ ಸಿದ್ಧಾಂತ ಮಂಡಿಸಿದರು. ಬೇಸಗೆಯಲ್ಲಿ ಸರಿ ಇದ್ದದ್ದು ಮಳೆ ಬಂದ ಕೂಡಲೇ ಕೆಡುತ್ತದೆ ಎಂದ ಮೇಲೆ ತೇವವೇ ಇರಬೇಕು ಎಂದು ಡಬ್ಬಿಯೊಳಗೆ ಒಂದು ಬಲ್ಬು ಉರಿಸಿಟ್ಟರು, ಕೋಳಿಮರಿಗೆ ಇಟ್ಟ ಹಾಗೆ. ಅಷ್ಟೂ ದಿನ ಅಮ್ಮನವರಿಗೆ ಚಟ್ನಿ ಇಲ್ಲ.

ಕೊನೆಗೆ ರೋಗ ಹಿಡಿದದ್ದು ಅಮ್ಮನವರೇ. ಧೂಳು ಒರೆಸುವಾಗ ಮಳೆಗಾಲದ ತೇವಕ್ಕೆ ಸಡಿಲಾಗಿದ್ದ ಚೀಟಿ ಬಿತ್ತು.

‘ಇಲ್ಲಿ ನೋಡಿ, ಇದರಲ್ಲಿ 2009 ಉಂಟಲ್ಲ.’

‘ಎಂಥದು 2009?’

‘ತಾರೀಕು. ಜನವರಿ ಒಂದು.’

ಸಂಗತಿ ಇಷ್ಟೆ. ಮದರ್‌ಬೋರ್ಡಿನ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಸಿಆರ್ 2032. ಅಳತೆ ಹೆಸರಿನಲ್ಲೇ ಇದೆ, 20 ಮಿಲಿಮೀಟರ್ ಅಗಲ, 3.2 ದಪ್ಪ. ಪ್ಲಗ್ ತೆಗೆದಾಗ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು ಅದೇ. ಅದು ಯಾವಾಗಲೋ ಸತ್ತಿತ್ತು. ಬೇಸಗೆಯಲ್ಲಿ ಪ್ಲಗ್ ತೆಗೆಯುವವರಿಲ್ಲ, ಗೋಡೆಯ ಕರೆಂಟಿನಲ್ಲೇ ಗಡಿಯಾರ ನಡೆಯುತ್ತಿತ್ತು. ಮಳೆಗಾಲದಲ್ಲಿ ಗುಡುಗು ಕೇಳಿದರೆ ನಮ್ಮ ಕರಾವಳಿಯವರು ಮೊದಲು ಮಾಡುವ ಕೆಲಸ ಪ್ಲಗ್ ಕೀಳುವುದು, ಸಿಡಿಲಿನ ಹೆದರಿಕೆ. ಮಾಷ್ಟ್ರು ಅದರಲ್ಲಿ ಎಲ್ಲರಿಗಿಂತ ಶಿಸ್ತು. ಗುಡುಗಿದಾಗಲೆಲ್ಲ ಕಂಪ್ಯೂಟರು 2009ಕ್ಕೆ ಓಡಿಹೋಗುತ್ತಿತ್ತು. ಅಪ್‌ಡೇಟು ಕೊಡುವ ಸರ್ವರು ತನ್ನ ಗುರುತಿನ ಪ್ರಮಾಣಪತ್ರ ತೋರಿಸಿದರೆ, ಇದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ನಂಬುವುದು ಹೇಗೆ? ಬಾಗಿಲು ಹಾಕಿಬಿಡುತ್ತಿತ್ತು. ಸಣ್ಣಪುಟ್ಟ ವ್ಯತ್ಯಾಸವಾದರೆ ವಿಂಡೋಸ್ ಇಂಟರ್‌ನೆಟ್ಟಿನಿಂದ ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ, ವರ್ಷಗಟ್ಟಲೆ ಹಿಂದೆ ಬಿದ್ದರೆ ಅದೂ ಕೈ ಬಿಡುತ್ತದೆ. ತಾರೀಕು ಕಾಣಬೇಕಾದ ಮೂಲೆಯ ಮೇಲೆ ತಪ್ಪಿನ ನಂಬರುಗಳ ಚೀಟಿ.

ವಾಚು ರಿಪೇರಿಯವನ ಅಂಗಡಿಯಿಂದ ಬಿಲ್ಲೆ ಬಂತು. ಅದೇ ಸಂಜೆ ‘ಏತ್ ಆಂಡ್?’ ಎಂದವರಿಗೆ ಮಾಷ್ಟ್ರು ‘ನೂರು’ ಎಂದರು. ಹಾಗೆ ಹೇಳುವಾಗ ಅವರಲ್ಲಿ ಅಂಥ ಖುಷಿಯೇನೂ ಕಾಣಲಿಲ್ಲ. ಎರಡು ವಾರ ಮನುಷ್ಯ ಮಂಕಾಗಿ ಓಡಾಡಿದರು. ನನಗನ್ನಿಸುವುದು, ಈ ಜಾತಿಯವರಿಗೆ ಸರಿಯಾದ ಯಂತ್ರ ಆಗಿಬರುವುದಿಲ್ಲ.

ಪುಣ್ಯಕ್ಕೆ ಹೆಚ್ಚು ಕಾಲ ಹಾಗಿರಬೇಕಾಗಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೇ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದಾದರೂ ಇರಬೇಕು. ಈ ಪಿಸಿ ಅರ್ಹವಲ್ಲ ಎಂದು ಪರದೆ ಹೇಳಿದ ದಿನ ಮಾಷ್ಟ್ರಿಗೆ ತಮ್ಮನ್ನೇ ಅಂದಷ್ಟು ಸಿಟ್ಟು ಬಂತು. ‘ನಾನೂ ರಿಟೈರ್ ಆದವನೇ. ನನ್ನ ಪೆನ್ಶನ್ ನಿಲ್ಲಿಸಿದ್ದಾರಾ?’ ಆಮೇಲೆ ವಿಚಾರಿಸಿದರೆ ಅದಕ್ಕೂ ದಾರಿ ಉಂಟು, ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟು ಬರುತ್ತದೆ. ಮಾಷ್ಟ್ರು ಅದನ್ನು ‘ಎಕ್ಸ್‌ಟೆನ್ಶನ್ ಸರ್ವಿಸ್’ ಎಂದು ಕರೆದು ಅದೇ ದಿನ ಅರ್ಜಿ ಹಾಕಿದರು. ಬಸ್‌ಸ್ಟಾಪಿನಲ್ಲಿ ಈಗ ಮತ್ತೆ ಮೂವತ್ತು, ತೊಂಬತ್ತೆಂಟರ ಸುದ್ದಿ.

ನಿಮ್ಮ ಮನೆಯಲ್ಲೂ ಇಂಥ ಹಳೇ ಡಬ್ಬಿ ಇದ್ದರೆ ಮೊದಲು ಮೂಲೆಯ ತಾರೀಕು ನೋಡಿ, ಡಿಸ್ಕಿನಲ್ಲಿ ಜಾಗ ನೋಡಿ, ಬೇಕಾದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅಷ್ಟಕ್ಕೂ ಆಗದಿದ್ದರೆ ನಮ್ಮ ಮಾಷ್ಟ್ರಿಗೆ ಹೇಳಿಕಳಿಸಿ, ಫೀಸು ತೆಗೆದುಕೊಳ್ಳುವವರಲ್ಲ. ಬೆಳಿಗ್ಗೆಯೇ ಕರೆಸಿ, ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ಒಂದು ಪಾವು ಅಕ್ಕಿ ಜಾಸ್ತಿ ಹಾಕಿ. ಚಟ್ನಿ ಮಾತ್ರ ಹಿಂದಿನ ದಿನವೇ ರುಬ್ಬಿಟ್ಟುಕೊಳ್ಳಿ.